ಬೇಸ್ ಗಿಟಾರ್ ತಂತಿ ಇಳಿಸಲು ಟ್ರಸ್ ರಾಡ್ ಬಿಗಿ ಮಾಡಬೇಕೇ?

"ತಂತಿ ಒತ್ತಿ ಒತ್ತಿ ಬೆರಳು ನೋಯುತ್ತಿದೆಯೇ? ನೆಕ್ ತುದಿಯಲ್ಲಿರುವ ನಟ್ಟನ್ನು ಬಿಗಿ ಮಾಡಿ, ತಂತಿ ತಾನಾಗಿ ಇಳಿಯುತ್ತದೆ." ಎಲೆಕ್ಟ್ರಿಕ್ ಬೇಸ್ ಗಿಟಾರ್ ಕಲಿಯುವವರ ನಡುವೆ ಹರಿದಾಡುವ ಸಲಹೆ ಇದು. ಇದರಲ್ಲಿರುವುದು ಅರ್ಧ ಸತ್ಯ ಮಾತ್ರ. ಪೂರ್ತಿ ನಂಬಿ ಕೈಹಾಕಿದರೆ ಗಿಟಾರಿನ ನೆಕ್ ಹಾಳಾಗಬಹುದು.

ಟ್ರಸ್ ರಾಡ್ ಮಾಡುವ ಕೆಲಸವೇನು?

ಬೇಸ್ ಗಿಟಾರಿನ ನಾಲ್ಕು ತಂತಿಗಳು ಒಟ್ಟಾಗಿ ಸುಮಾರು 70ರಿಂದ 80 ಕೆ.ಜಿ. ತೂಕದಷ್ಟು ಬಲದಿಂದ ನೆಕ್ಕನ್ನು ಎಳೆಯುತ್ತವೆ. ಹೆದೆ ಕಟ್ಟಿದ ಬಿಲ್ಲಿನಂತೆ ನೆಕ್ ಮುಂದಕ್ಕೆ ಬಾಗುತ್ತದೆ. ಈ ಎಳೆತವನ್ನು ತಡೆಯಲು ಮರದೊಳಗೆ ಒಂದು ಉಕ್ಕಿನ ಸರಳು ಇರುತ್ತದೆ. ಅದೇ ಟ್ರಸ್ ರಾಡ್. ಬಾಗನ್ನು ಹಿಡಿತದಲ್ಲಿಡುವುದಷ್ಟೇ ಅದರ ಕೆಲಸ. ತಂತಿಯ ಎತ್ತರ ಬದಲಿಸಲು ಬ್ರಿಡ್ಜ್ ಮೇಲಿನ ಸ್ಯಾಡಲ್‌ಗಳಲ್ಲಿ ಬೇರೆ ಸ್ಕ್ರೂಗಳಿವೆ.

ನೆಕ್ ನೇರವಾದಾಗ ತಂತಿ ಸ್ವಲ್ಪ ಇಳಿಯುವುದು ನಿಜ. ಆದರೆ ಸ್ಯಾಡಲ್ ಎತ್ತರವಾಗಿರುವಾಗ ರಾಡ್ ಬಿಗಿ ಮಾಡುತ್ತಾ ಹೋದರೆ ನೆಕ್ ಹಿಂದಕ್ಕೆ ಬಾಗಿ, ಮೊದಲ ಕೆಲವು ಫ್ರೆಟ್‌ಗಳಲ್ಲಿ ತಂತಿ ಝರ್ರೆನ್ನುತ್ತದೆ. ಇನ್ನೂ ಬಿಗಿ ಮಾಡಿದರೆ ನಟ್ ಸವೆಯಬಹುದು, ರಾಡೇ ಮುರಿಯಬಹುದು. ಕಡಿಮೆ ಬೆಲೆಯ ಗಿಟಾರಿನಲ್ಲಿ ಆ ರಿಪೇರಿ ಖರ್ಚು ಗಿಟಾರಿನ ಬೆಲೆಯನ್ನೇ ಮೀರಬಹುದು.

ಹಾಗಾದರೆ ನೆಕ್ ಪೂರ್ತಿ ನೇರವಾಗಿರಬೇಕೇ?

ಸಾಮಾನ್ಯವಾಗಿ ಬೇಡ. ಅತಿ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ, ನಡುವಿನಲ್ಲಿ ಅಗಲವಾಗಿ ತೂಗುತ್ತದೆ. ಅದು ಫ್ರೆಟ್‌ಗಳಿಗೆ ತಾಗದಿರಲು ನೆಕ್ಕಿನಲ್ಲಿ ತುಸು ಬಾಗು ಬೇಕು.

ಸರಿಯಾದ ಕ್ರಮ

1. ಮೊದಲು ತಂತಿಗಳನ್ನು ಶ್ರುತಿ ಮಾಡಿ. ಸಡಿಲ ತಂತಿಯಲ್ಲಿ ತೆಗೆದ ಅಳತೆಗೆ ಅರ್ಥವಿಲ್ಲ.

2. ಇ ತಂತಿಯನ್ನು ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, 7-8ನೇ ಫ್ರೆಟ್ ಹತ್ತಿರ ತಂತಿಯ ಕೆಳಗಿನ ಸಂದು ನೋಡಿ. ಅದು 0.3ರಿಂದ 0.4 ಮಿ.ಮೀ., ಅಂದರೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ಟ್ರಸ್ ರಾಡ್ ಮುಟ್ಟಬೇಕಾಗಿಲ್ಲ.

3. ಸಂದು ಹೆಚ್ಚಿದ್ದರೆ ಮಾತ್ರ ಬಿಗಿ ಮಾಡಿ, ಕಡಿಮೆಯಿದ್ದರೆ ಸಡಿಲಿಸಿ. ಸರಿಯಾದ ಅಳತೆಯ ಅಲೆನ್ ಕೀ ಬಳಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ ಅಳೆಯಿರಿ. ನಟ್ ತಿರುಗದಿದ್ದರೆ ಬಲ ಹಾಕದೆ ರಿಪೇರಿ ಮಾಡುವವರ ಬಳಿ ಒಯ್ಯಿರಿ.

4. ಈಗ ಸ್ಯಾಡಲ್ ಸ್ಕ್ರೂನಿಂದ ಎತ್ತರ ಸರಿಪಡಿಸಿ. 17ನೇ ಫ್ರೆಟ್‌ನಲ್ಲಿ ದಪ್ಪ ತಂತಿಗೆ ಸುಮಾರು 2.4 ಮಿ.ಮೀ., ತೆಳು ತಂತಿಗೆ ಸುಮಾರು 2 ಮಿ.ಮೀ. ಇದ್ದರೆ ಸಾಕು.

5. ಕೊನೆಗೆ ಸ್ವರದ ಪರೀಕ್ಷೆ. 12ನೇ ಫ್ರೆಟ್ ಒತ್ತಿದಾಗ ಬರುವ ಸ್ವರ ಬಿಡಿ ತಂತಿಯ ಸ್ವರಕ್ಕಿಂತ ಸರಿಯಾಗಿ ಒಂದು ಸಪ್ತಕ ಮೇಲಿರಬೇಕು. ಟ್ಯೂನರ್‌ನಲ್ಲಿ ಅದು ಏರಿದ್ದರೆ ಸ್ಯಾಡಲನ್ನು ನೆಕ್‌ನಿಂದ ದೂರ ಸರಿಸಿ, ಇಳಿದಿದ್ದರೆ ಹತ್ತಿರಕ್ಕೆ ತನ್ನಿ.

ಮಳೆಗಾಲದಲ್ಲಿ ಮರ ತೇವ ಹೀರುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ಆಗ ನೆಕ್ಕಿನ ಬಾಗೂ ಬದಲಾಗುತ್ತದೆ. ಆದ್ದರಿಂದ ಋತು ಬದಲಾದಾಗಲೊಮ್ಮೆ ಈ ಪರೀಕ್ಷೆ ಮಾಡುವುದು ಒಳ್ಳೆಯದು.

ಇನ್ನೆರಡು ನಂಬಿಕೆಗಳು

ನುಡಿಸಿದ ಮೇಲೆ ತಂತಿ ಸಡಿಲಿಸಬೇಕು: ತಪ್ಪು. ತಂತಿಯ ಎಳೆತಕ್ಕೂ ಟ್ರಸ್ ರಾಡ್‌ಗೂ ಸಮತೋಲನ ಇರುವಂತೆಯೇ ನೆಕ್ ಮಾಡಿರುತ್ತಾರೆ. ದಿನವೂ ಸಡಿಲಿಸಿದರೆ ಆ ಸಮತೋಲನ ಕೆಡುತ್ತದೆ.

ಹಳೆಯ ತಂತಿ ಕುದಿಸಿದರೆ ಹೊಸದಾಗುತ್ತದೆ: ಭಾಗಶಃ ನಿಜ. ಬಿಸಿನೀರು ಸುರುಳಿಗಳ ನಡುವಿನ ಜಿಡ್ಡು ಕಳೆಯುವುದರಿಂದ ನಾದ ಕೆಲವು ದಿನ ಚುರುಕಾಗುತ್ತದೆ. ಆದರೆ ಸವೆತ, ತುಕ್ಕು ಹೋಗುವುದಿಲ್ಲ. ನುಡಿಸಿದ ನಂತರ ಒಣ ಹತ್ತಿ ಬಟ್ಟೆಯಿಂದ ತಂತಿ ಒರೆಸುವುದೇ ಮೇಲು.

ನಮ್ಮ ತೀರ್ಮಾನ

ಟ್ರಸ್ ರಾಡ್ ಇರುವುದು ನೆಕ್ಕಿನ ಬಾಗಿಗೆ, ಸ್ಯಾಡಲ್ ಇರುವುದು ತಂತಿಯ ಎತ್ತರಕ್ಕೆ. ಮೊದಲು ಅಳೆಯಿರಿ, ಆಮೇಲೆ ತಿರುಗಿಸಿ. ಆ ಸಲಹೆ ನಿಮ್ಮ ಗುಂಪಿಗೂ ಬಂದರೆ, ಅದರ ಜೊತೆಗೆ ಈ ಮಾತನ್ನೂ ಕಳಿಸಿ.