ಭಾಗಮಂಡಲದ ಸ್ಥಳಪುರಾಣವೂ ಭಾಷಾಂತರಧರ್ಮವೂ

ಕಾವೇರಿಯು ತಲಕಾವೇರಿಯಿಂದಿಳಿದು ಕನ್ನಿಕೆಯನ್ನೂ ಗುಪ್ತಗಾಮಿನಿಯಾದ ಸುಜ್ಯೋತಿಯನ್ನೂ ಕೂಡಿಕೊಳ್ಳುವ ಭಾಗಮಂಡಲವು ಭಗಂಡಮುನಿಯ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಈ ಕ್ಷೇತ್ರದ ಮಹಿಮೆಯನ್ನು ಸಾರುವ ಸಂಸ್ಕೃತ ಕಾವೇರೀಮಾಹಾತ್ಮ್ಯವು ಸ್ಕಾಂದಪುರಾಣಾಂತರ್ಗತವೆಂದು ಹೇಳಲ್ಪಡುತ್ತದೆ. ಮತ್ಸ್ಯದೇಶದ ರಾಜಪುತ್ರನಾದ ಚಂದ್ರವರ್ಮನು ಪಾರ್ವತಿಯ ವರದಿಂದ ಈ ಸೀಮೆಗೆ ಅರಸನಾದನೆಂದೂ, ಆಕೆಯು ಅನುಗ್ರಹಿಸಿದ ಶೂದ್ರಕನ್ಯೆಯಲ್ಲಿ ಹುಟ್ಟಿದ ಮಕ್ಕಳು ‘ಉಗ್ರ’ರೆನಿಸಿದರೆಂದೂ, ಆ ವಂಶದವರು ವರಾಹಗಳಂತೆ ನೆಲವನ್ನು ಅಗೆದು ಸಮಮಾಡಿದುದರಿಂದ ನಾಡಿಗೆ ‘ಕ್ರೋಡದೇಶ’ವೆಂಬ ಹೆಸರಾಯಿತೆಂದೂ ಅದರ ಕಥೆ.

ಈ ಕಥೆಯನ್ನು ರಿಕ್ಟರ್ ಪಾದ್ರಿಗಳು 1870ರ ಕೊಡಗಿನ ಕೈಪಿಡಿಯಲ್ಲಿಯೂ, ರೈಸ್ ಸಾಹೇಬರು 1878ರ ಗೆಜೆಟಿಯರಿನಲ್ಲಿಯೂ ಇಂಗ್ಲಿಷಿಗೆ ತಂದರು. ಸಂಸ್ಕೃತವನ್ನರಿಯದ ಅಧಿಕಾರಿಗಳಿಗೂ ಇತಿಹಾಸಕಾರರಿಗೂ ಕೊಡವರ ಮೂಲವನ್ನು ಕುರಿತ ಪುರಾಣೋಕ್ತಿಯು ತಲಪಿದುದು ಇಂತಹ ಭಾಷಾಂತರಗಳ ಮೂಲಕವೇ. ಆದಕಾರಣ ಅದರ ಎರಡು ಶಬ್ದಗಳನ್ನು ಪರ್ಯಾಲೋಚಿಸುವುದು ಯುಕ್ತವಾಗಿದೆ.

ಮೊದಲನೆಯದು ‘ಉಗ್ರ’. ಲೋಕರೂಢಿಯಲ್ಲಿ ಇದಕ್ಕೆ ಭಯಂಕರ, ಶೂರ ಎಂದರ್ಥ. ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಾದರೋ ಕ್ಷತ್ರಿಯನಿಂದ ಶೂದ್ರಕನ್ಯೆಯಲ್ಲಿ ಜನಿಸಿದವನಿಗೆ ಇದು ಪಾರಿಭಾಷಿಕ ಸಂಜ್ಞೆ. ಶೂರರೆಂದು ಮಾತ್ರ ಭಾಷಾಂತರಿಸಿದರೆ ಶಾಸ್ತ್ರಾರ್ಥವು ಲೋಪವಾಗುವುದು. ಜಾತಿನಾಮವೆಂದು ಮಾತ್ರ ಹೇಳಿದರೆ ಪ್ರಶಂಸೆಯು ಅಡಗಿಹೋಗುವುದು. ಒಂದು ಜನಾಂಗದ ಮಾನಮರ್ಯಾದೆಯೇ ಇಲ್ಲಿ ಒಂದು ಶಬ್ದವನ್ನು ಅವಲಂಬಿಸಿದೆ.

ಎರಡನೆಯದು ‘ಕ್ರೋಡ’. ಕ್ರೋಡವೆಂದರೆ ಹಂದಿ. ‘ಕೊಡಗು’ ಎಂಬುದು ಇದರ ತದ್ಭವವೆಂದು ಪುರಾಣಮತ. ಆದರೆ ತಮಿಳಿನಲ್ಲಿ ‘ಕುಡಕು’ ಎಂಬ ಶಬ್ದಕ್ಕೆ ಪಶ್ಚಿಮದಿಕ್ಕೆಂಬ ಅರ್ಥವೂ ಕೊಡಗುನಾಡೆಂಬ ಅರ್ಥವೂ ಉಂಟು. ಹಾಗಾದರೆ ದೇಶೀಯ ನಾಮವನ್ನೇ ಪುರಾಣಕಾರನು ಸಂಸ್ಕೃತಕ್ಕೆ ಮಾರ್ಪಡಿಸಿ, ಅದಕ್ಕೆ ತಕ್ಕ ಕಥೆಯನ್ನು ಹೊಂದಿಸಿದನೆಂದು ಊಹಿಸಲವಕಾಶವಿದೆ. ಅಂದಮೇಲೆ, ಇಂಗ್ಲಿಷ್ ಪಂಡಿತರು ಮೂಲವೆಂದು ಹಿಡಿದುದೂ ಒಂದು ಬಗೆಯ ಭಾಷಾಂತರವೇ ಸರಿ.

1952ರಲ್ಲಿ ಪ್ರಕಟವಾದ ಕೊಡವರ ಧರ್ಮಸಮಾಜವಿಷಯಕ ಗ್ರಂಥದಲ್ಲಿ ಮೈಸೂರಿನ ಎಂ. ಎನ್. ಶ್ರೀನಿವಾಸರು ‘ಸಂಸ್ಕೃತೀಕರಣ’ವೆಂಬ ತತ್ತ್ವವನ್ನು ಪ್ರತಿಪಾದಿಸಿದರು. ಸಂಸ್ಕೃತಮೂಲದ ಆಚಾರಗಳನ್ನೂ ಭಾವನೆಗಳನ್ನೂ ಅನುಸರಿಸಿ ಸಮಾಜದಲ್ಲಿ ಮೇಲೇರುವ ಕ್ರಮವೇ ಅದು. ಸ್ಥಳನಾಮವು ‘ಕ್ರೋಡ’ವಾದ ಬಗೆಯು ಇದಕ್ಕೆ ಶಬ್ದರೂಪದ ನಿದರ್ಶನದಂತಿದೆ.

ಇದಕ್ಕೆ ಪ್ರತಿಯಾಗಿ, ನಡಿಕೇರಿಯಂಡ ಚಿಣ್ಣಪ್ಪನವರು 1924ರ ‘ಪಟ್ಟೋಲೆ ಪಳಮೆ’ಯಲ್ಲಿ ಜನಪದದ ಹಾಡುಗಳನ್ನು ಕೊಡವ ನುಡಿಯಲ್ಲಿಯೇ, ಕನ್ನಡ ಲಿಪಿಯಲ್ಲಿ ಉಳಿಸಿದರು. 2003ರಲ್ಲಿ ಅದರ ಇಂಗ್ಲಿಷ್ ಅನುವಾದವು ಹೊರಬಂದಾಗ, ಸಂಶಯ ತೋರಿದ ವಾಚಕನಿಗೆ ಒರೆಹಚ್ಚಿ ನೋಡಲು ಮೂಲವು ಕೈಯಲ್ಲಿದ್ದಿತು. ಭಾಷಾಂತರವಿಲ್ಲದೆ ಶಾಸ್ತ್ರವು ಬೆಳೆಯದು. ಮೂಲವನ್ನು ಮರೆಸಿದ ಭಾಷಾಂತರದಿಂದ ಇತಿಹಾಸವು ದಾರಿತಪ್ಪುವುದು.