ವಕೀಲರಿಲ್ಲದ ಕಕ್ಷಿದಾರರು ಮತ್ತು ಮಗುವಿನ ವಾಸಸ್ಥಳದ ಪ್ರಶ್ನೆ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಿನ್ನೆಲೆಯಲ್ಲಿ

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ 13ನೇ ಕಲಮಿನ ಪ್ರಕಾರ ವಕೀಲರ ಮೂಲಕ ವಾದಿಸುವುದು ಕಕ್ಷಿದಾರರ ಹಕ್ಕಲ್ಲ; ಅಗತ್ಯವೆನಿಸಿದರೆ ನ್ಯಾಯಾಲಯವೇ ಕಾನೂನು ತಜ್ಞರೊಬ್ಬರನ್ನು ಅಮೈಕಸ್ ಕ್ಯೂರಿಯಾಗಿ ಕರೆಸಿಕೊಳ್ಳಬಹುದು. ಈ ಕಲಮಿನ ಚರ್ಚೆ ಬಹುಪಾಲು ಒಂದೇ ಜಾಡಿನಲ್ಲಿ ಸಾಗಿದೆ. ಲೀಲಾ ಮಹಾದೇವ ಜೋಶಿ ಪ್ರಕರಣದಲ್ಲಿ (1991) ಬಾಂಬೆ ಹೈಕೋರ್ಟ್ ವಕೀಲರ ಪ್ರವೇಶದ ಬಗ್ಗೆ ಉದಾರ ನಿಲುವು ತಳೆಯಿತು. ಖುದ್ದು ವಾದಿಸುವವರು ಸಾಕ್ಷ್ಯ ಮತ್ತು ಪಾಟೀ ಸವಾಲಿನ ಹಂತದಲ್ಲಿ ಸೋಲುತ್ತಾರೆಂಬ ಆತಂಕವೂ ಸಾಮಾನ್ಯ. ಮಗು ಯಾರ ಸುಪರ್ದಿಯಲ್ಲಿರಬೇಕೆಂಬ ಪ್ರಕರಣಗಳಲ್ಲಿ ಮಗುವಿನ ಹಿತವೇ ಮುಖ್ಯವೆಂಬುದರಲ್ಲೂ ತಕರಾರಿಲ್ಲ.

ನನ್ನ ಭಿನ್ನಮತ ಆ ಆತಂಕದ ಬಗ್ಗೆ. ಅದು ಸುಳ್ಳಲ್ಲ, ತಡವಾದದ್ದು. ಕೌಟುಂಬಿಕ ನ್ಯಾಯಾಲಯದಲ್ಲಿ ಸಾಕ್ಷ್ಯದ ಬಿಗಿಯನ್ನು 14ನೇ ಕಲಂ ಸಡಿಲಿಸಿಯೇ ಇದೆ. ಎಡವಟ್ಟಾಗುವುದು ಅದಕ್ಕೂ ಮೊದಲು, ಅರ್ಜಿಯನ್ನು ಎಲ್ಲಿ ಹಾಕಬೇಕೆಂಬಲ್ಲಿ. ಪಾಲಕರು ಮತ್ತು ಪಾಲಿತರ ಕಾಯ್ದೆ, 1890ರ 9ನೇ ಕಲಮಿನಂತೆ ವ್ಯಾಪ್ತಿಯನ್ನು ನಿರ್ಧರಿಸುವುದು ಮಗು ಸಾಮಾನ್ಯವಾಗಿ ವಾಸವಿರುವ ಸ್ಥಳ.

ನಗರಕ್ಕೆ ಅಂಟಿಕೊಂಡ ಈ ಜಿಲ್ಲೆಯಲ್ಲಿ ಆ ಸ್ಥಳ ಸುಲಭಕ್ಕೆ ಸಿಗುವುದಿಲ್ಲ. ಒಂದು ಸಂದರ್ಭವನ್ನು ಊಹಿಸೋಣ. ದಂಪತಿ ಪೀಣ್ಯದ ಬಾಡಿಗೆ ಮನೆಯಲ್ಲಿದ್ದವರು; ಗಂಡನ ಊರು ನೆಲಮಂಗಲದ ಹಳ್ಳಿ, ಹೆಂಡತಿಯ ತವರು ದೊಡ್ಡಬಳ್ಳಾಪುರ. ಜಗಳವಾದ ಮೇಲೆ ತಾಯಿ ಮಗುವಿನೊಡನೆ ತವರು ಸೇರುತ್ತಾಳೆ. ವರ್ಷದ ಬಳಿಕ ಹಬ್ಬಕ್ಕೆಂದು ಮಗುವನ್ನು ಕರೆದೊಯ್ದ ತಂದೆ ಮರಳಿ ಕಳಿಸುವುದಿಲ್ಲ. ಅರ್ಜಿ ಬರೆಯಲು ಕೂತ ತಾಯಿ ಆಧಾರ್ ಕಾರ್ಡಿನಲ್ಲಿರುವ ಗಂಡನ ಮನೆ ವಿಳಾಸವನ್ನೇ ಬರೆಯುತ್ತಾಳೆ; ಮಗು ಎಲ್ಲಿ ಬೆಳೆಯುತ್ತಿತ್ತೆಂದು ಹೇಳುವುದೇ ಇಲ್ಲ. ಎದುರು ಪಕ್ಷದ ವಕೀಲರಿಗೆ ವ್ಯಾಪ್ತಿಯ ತಕರಾರು ಎತ್ತಲು ಅಷ್ಟು ಸಾಕು.

ರುಚಿ ಮಜೂ ಪ್ರಕರಣದಲ್ಲಿ (2011) ಸುಪ್ರೀಂ ಕೋರ್ಟ್, ವಾಸಸ್ಥಳವು ಬಹುಮಟ್ಟಿಗೆ ವಾಸ್ತವಾಂಶದ ಪ್ರಶ್ನೆ ಎಂದಿತು. ಹಾಗಾದರೆ ಅದನ್ನು ತೋರಿಸುವ ದಾಖಲೆ ಯಾವುದು? ಅಂಗನವಾಡಿ ಹಾಜರಿ ಪುಸ್ತಕ, ಲಸಿಕೆ ಹಾಕಿದ ದಿನಗಳಿರುವ ತಾಯಿ ಕಾರ್ಡ್, ಶಾಲೆಯ ದಾಖಲಾತಿ ರಿಜಿಸ್ಟರ್. ಇವೆಲ್ಲ ಆ ತಾಯಿಯ ಕೈಯಳತೆಯಲ್ಲೇ ಇರುತ್ತವೆ. ಇವು ವ್ಯಾಪ್ತಿಯ ಪುರಾವೆಯೆಂದು ಆಕೆಗೆ ಹೇಳುವವರಿಲ್ಲ, ಅಷ್ಟೇ.

ಅರ್ಜಿ ವಾಪಸಾಗಿ ಇನ್ನೊಂದು ನ್ಯಾಯಾಲಯದಲ್ಲಿ ದಾಖಲಾಗುವ ಹೊತ್ತಿಗೆ ಮಗು ತಂದೆಯ ಮನೆಗೆ ಒಗ್ಗಿಕೊಂಡಿರುತ್ತದೆ. ಆ ಒಗ್ಗಿಕೆಯೇ ಮುಂದೆ ಹಿತದ ವಾದವಾಗುತ್ತದೆ. ಆದ್ದರಿಂದ, ವಕೀಲರಿಲ್ಲದವರ ಪ್ರಕರಣಗಳಲ್ಲಿ ಹಿತದ ಪ್ರಶ್ನೆಯನ್ನು ವ್ಯಾಪ್ತಿಯ ತಕರಾರೇ ಮುಂಚಿತವಾಗಿ ಒಂದು ಕಡೆಗೆ ವಾಲಿಸಬಲ್ಲದು ಎನ್ನುತ್ತೇನೆ. ಇದು ಕಾನೂನಿನ ರಚನೆಯಿಂದ ಮಾಡಿದ ಅನುಮಾನ. ಪ್ರಕರಣಗಳನ್ನು ಎಣಿಸಿ ಹೇಳಿದ್ದಲ್ಲ. 1890ರ ಕಾಯ್ದೆಯ 12ನೇ ಕಲಮಿನಡಿ ಮಧ್ಯಂತರ ಆದೇಶ ಸಿಕ್ಕರೆ ಈ ಮಾತಿನ ಬಲ ಕುಗ್ಗುತ್ತದೆ. ಮಗು ಐದು ವರ್ಷದೊಳಗಿನದಾದರೆ, 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮಿನಿಂದ ಹಿಂದೂ ತಾಯಿಗೆ ಇನ್ನಷ್ಟು ಬಲ ಸಿಗುತ್ತದೆ.

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಕೊಡುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯ ನೆರವು ಅರ್ಜಿ ಸಲ್ಲಿಸುವ ಮೊದಲೇ, ವಾಸಸ್ಥಳದ ಆ ಒಂದು ಪ್ಯಾರಾ ಬರೆಯುವಾಗಲೇ ದೊರೆಯಬೇಕು. ತಂದೆ ತಾನೇ ಅರ್ಜಿದಾರನಾಗಿ, ಈ ನೆರವಿನ ಅರ್ಹತೆಯಿಲ್ಲದೆ ಖುದ್ದು ವಾದಿಸುವ ಸಂದರ್ಭವನ್ನು ಈ ಲೇಖನ ಮುಟ್ಟಿಲ್ಲ. ಕೌಟುಂಬಿಕ ನ್ಯಾಯಾಲಯದ ಹೊರಗೆ, 14ನೇ ಕಲಮಿನ ಸಡಿಲಿಕೆ ಅನ್ವಯಿಸದ ಕಡೆ, ಅಂಗನವಾಡಿ ಪುಸ್ತಕದ ನಕಲನ್ನು ಎಷ್ಟರಮಟ್ಟಿಗೆ ಒಪ್ಪಬೇಕೆಂಬುದನ್ನೂ ಬೇರೆಯಾಗಿಯೇ ಪರಿಶೀಲಿಸಬೇಕಿದೆ.