ವೈಮಾನಿಕ ಪ್ರದರ್ಶನದ ಛಾಯಾಚಿತ್ರಗಳು: ಇತಿಹಾಸದ ಆಧಾರವಾಗಿ ಅವುಗಳ ಪರಾಮರ್ಶೆ

ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಇತಿಹಾಸವನ್ನು ಅಭ್ಯಾಸಮಾಡುವವರು ಕಲ್ಲನ್ನು ಓದಿಯೇ ಪಳಗಿದವರು. ಶಿರಸಿ ತಾಲ್ಲೂಕಿನ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಶಾಸನವಿದೆ. ಬನವಾಸಿಯ ಸುತ್ತಮುತ್ತ ವೀರಗಲ್ಲುಗಳಿವೆ. ವೀರಗಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ದೇವಸಾನ್ನಿಧ್ಯ. ಆ ಕೆಳಗಣ ಪಟ್ಟಿಕೆಯಿಂದಲೇ ಅಂದಿನ ಬಿಲ್ಲು, ಕತ್ತಿ, ಗುರಾಣಿಗಳ ಆಕಾರವನ್ನು ನಾವು ತಿಳಿಯುತ್ತೇವೆ. ಆದರೆ ಕಲ್ಲನ್ನು ನಿಲ್ಲಿಸಿದವರು ಸತ್ತವನ ಕಡೆಯವರು. ಕೆತ್ತಿದ ಶಿಲ್ಪಿ ಕಾಳಗವನ್ನು ಕಣ್ಣಾರೆ ಕಂಡಿರಬೇಕೆಂಬ ನಿಯಮವೇನೂ ಇಲ್ಲ. ಕಲ್ಲು ಸುಳ್ಳಾಡುವುದೆಂದು ಇದರ ಅರ್ಥವಲ್ಲ. ಅದು ಯಾರ ಮಾತನ್ನು ಆಡುತ್ತಿದೆಯೆಂಬುದನ್ನು ಮೊದಲು ವಿಚಾರಿಸಬೇಕು, ಅಷ್ಟೆ.

ಇದೇ ವಿಚಾರಣೆಯನ್ನು ತೀರ ಈಚಿನ ಒಂದು ಆಧಾರಸಾಮಗ್ರಿಗೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ. ಅದೆಂದರೆ ಯಲಹಂಕದ ವಾಯುಪಡೆಯ ನೆಲೆಯಲ್ಲಿ ನಡೆಯುವ ‘ಏರೋ ಇಂಡಿಯಾ’ ಪ್ರದರ್ಶನದಲ್ಲಿ ಪ್ರೇಕ್ಷಕರು ತೆಗೆದ ಯುದ್ಧವಿಮಾನಗಳ ಛಾಯಾಚಿತ್ರಗಳು. ನಮ್ಮ ಮೂರು ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಯಲಹಂಕವೋ ಶಿರಸಿಯಿಂದ ಸುಮಾರು 400 ಕಿಲೋಮೀಟರು. ಆದರೂ ಓದಲೆಂದೋ ಉದ್ಯೋಗಕ್ಕೆಂದೋ ಬೆಂಗಳೂರನ್ನು ಸೇರಿದವರಿಲ್ಲದ ಊರು ಇಲ್ಲಿ ವಿರಳ. ಅವರ ಕ್ಯಾಮೆರಾದಿಂದಲೂ ಮೊಬೈಲಿನಿಂದಲೂ ಈ ಚಿತ್ರಗಳು ಅಡಕೆತೋಟದ ನಡುವಣ ಮನೆಗಳಿಗೆ ಬಂದು ಸೇರುತ್ತಿವೆ. ಬಂದಷ್ಟೇ ವೇಗದಲ್ಲಿ ಕಳೆದೂ ಹೋಗುತ್ತಿವೆ.

ಈ ಚಿತ್ರಗಳ ಬೆಲೆಯನ್ನರಿಯಲು ಅದಕ್ಕೂ ಹಿಂದಿನ ಸ್ಥಿತಿಯನ್ನು ನೆನೆಯಬೇಕು. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ ಎಚ್.ಎಫ್.-24 ‘ಮರುತ್’ ಜೆಟ್ ವಿಮಾನವು 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಅದನ್ನು ಹಾರಿಸಿದ ಸುರಂಜನ್ ದಾಸ್ ಅವರು 1970ರ ಜನವರಿಯಲ್ಲಿ ಮರುತ್ ವಿಮಾನವೊಂದರ ಪರೀಕ್ಷೆಯಲ್ಲೇ ಮಡಿದರು. ಬೆಂಗಳೂರಿನ ರಸ್ತೆಯೊಂದಕ್ಕೆ ಅವರ ಹೆಸರಿದೆ. ಇಂತಹ ಘಟನೆಗಳ ಚಿತ್ರಗಳೆಂದು ನಮಗೆ ದೊರೆಯುವವು ಬಹುಮಟ್ಟಿಗೆ ಕಾರ್ಖಾನೆಯೂ ಸರ್ಕಾರವೂ ತೆಗೆಸಿದವು. ಸಾಮಾನ್ಯ ಪ್ರಜೆಯು ಸೈನಿಕ ನೆಲೆಯ ಬಳಿ ಕ್ಯಾಮೆರಾ ಎತ್ತುವುದು ಅಪಾಯದ ಕೆಲಸವಾಗಿತ್ತು. 1923ರ ಅಧಿಕೃತ ರಹಸ್ಯಗಳ ಅಧಿನಿಯಮದಲ್ಲಿ ‘ನಕ್ಷೆ’ಯೆಂಬ ಮಾತಿನ ವ್ಯಾಪ್ತಿಯೊಳಗೆ ಛಾಯಾಚಿತ್ರವನ್ನೂ ಸೇರಿಸಲಾಗಿದೆ. ನೆಲೆಯ ಬೇಲಿಗೆ ಇಂದಿಗೂ ಆ ನಿಷೇಧದ ಫಲಕ ತೂಗುತ್ತದೆ. 1996ರಲ್ಲಿ ಪ್ರದರ್ಶನವು ಆರಂಭವಾದಾಗ ಆ ಬೇಲಿಯ ಒಂದು ಬಾಗಿಲು ಕೆಲವು ದಿನಗಳ ಮಟ್ಟಿಗೆ ತೆರೆಯಿತು. ಒಂದೇ ಯಂತ್ರವನ್ನು ಸಾವಿರಾರು ಮಂದಿ ಸಾವಿರಾರು ಕಡೆಗಳಿಂದ ಚಿತ್ರಿಸುವ ಸಂದರ್ಭ ಅಂದಿನಿಂದ ಒದಗಿತು.

ಇನ್ನು ಚಿತ್ರವನ್ನು ತೆಗೆಯುವ ಕ್ರಮ. ವೇಗವಾಗಿ ಸಾಗುವ ಜೆಟ್ಟನ್ನು ನಿಶ್ಚಲವಾಗಿ ಹಿಡಿಯಬೇಕಾದರೆ ಷಟರು ಸೆಕೆಂಡಿನ ಸಾವಿರದಲ್ಲೊಂದು ಪಾಲು, ಇಲ್ಲವೆ ಅದಕ್ಕೂ ಕಡಿಮೆ ಕಾಲ ತೆರೆದಿರಬೇಕು. ವಿಮಾನದ ಗತಿಗೆ ಸರಿಯಾಗಿ ಕ್ಯಾಮೆರಾವೂ ತಿರುಗುತ್ತಿರಬೇಕು. ಹೆಲಿಕಾಪ್ಟರಿನದು ಇದಕ್ಕೆ ವಿರುದ್ಧ. ಅಷ್ಟು ಬೇಗ ಷಟರು ಮುಚ್ಚಿದರೆ ಅದರ ರೆಕ್ಕೆಗಳು ನಿಂತೇ ಹೋದಂತೆ ಕಾಣುತ್ತವೆ. ಬೆಳ್ಳಗೆ ಹೊಳೆಯುವ ಆಕಾಶವನ್ನು ನಂಬಿ ಬೆಳಕನ್ನು ಅಳೆದರೆ ಬೂದುಬಣ್ಣದ ವಿಮಾನವು ಕರಿಯ ನೆರಳಾಗುತ್ತದೆ. ಫೆಬ್ರುವರಿಯ ನಡುಹಗಲಿನಲ್ಲಿ ಕಾದ ಓಡುದಾರಿಯಿಂದೇಳುವ ಬಿಸಿಗಾಳಿಯಂತೂ ಎಂತಹ ಬೆಲೆಬಾಳುವ ಮಸೂರಕ್ಕೂ ಜಗ್ಗದು. ನೆಲದ ಮಟ್ಟದ ಚಿತ್ರವೆಲ್ಲ ನೀರಿನೊಳಗಣ ಬಿಂಬದಂತೆ ಅಲುಗುತ್ತದೆ. ಇವು ಛಾಯಾಗ್ರಾಹಕನ ಕಷ್ಟಗಳೆಂದು ಇತಿಹಾಸಕಾರನು ಬದಿಗಿಡುವಂತಿಲ್ಲ. ಅಲುಗಿದ ಅಂಚನ್ನು ಯಂತ್ರದ ಆಕಾರವೆಂದೂ, ನೆರಳನ್ನು ಬಣ್ಣವೆಂದೂ ತಿಳಿಯುವ ಭಯ ಅವನಿಗೇ ಹೆಚ್ಚು.

ದಿನಾಂಕವಿಲ್ಲದ ಚಿತ್ರದ ಕಾಲನಿರ್ಣಯಕ್ಕೂ ದಾರಿಯುಂಟು. ಬೀದರಿನಲ್ಲಿ 1996ರಲ್ಲಿ ಹುಟ್ಟಿದ ‘ಸೂರ್ಯಕಿರಣ’ ತಂಡವು ಮೊದಲು ಹಾರಿಸಿದ್ದು ಬೆಂಗಳೂರಿನಲ್ಲೇ ತಯಾರಾದ ಕಿರಣ್ ವಿಮಾನಗಳನ್ನು. 2011ರ ಪ್ರದರ್ಶನದ ತರುವಾಯ ತಂಡದ ಹಾರಾಟ ನಿಂತು, ಕೆಲವು ವರ್ಷಗಳ ಮೇಲೆ ಹಾಕ್ ವಿಮಾನಗಳೊಡನೆ ಮತ್ತೆ ಆರಂಭವಾಯಿತು. ಕಿರಣ್‌ನ ರೆಕ್ಕೆ ನೇರ, ಚಾಲಕರಿಬ್ಬರ ಆಸನಗಳು ಅಕ್ಕಪಕ್ಕ. ಹಾಕ್‌ನ ರೆಕ್ಕೆ ಹಿಂದಕ್ಕೆ ಬಾಗಿದ್ದು, ಆಸನಗಳು ಒಂದರ ಹಿಂದೊಂದು. ಎರಡೂ ಕೆಂಪುಬಿಳುಪು ಬಣ್ಣದವೇ ಆದರೂ ರೆಕ್ಕೆಯನ್ನು ನೋಡಿದ ಮಾತ್ರಕ್ಕೆ ಚಿತ್ರವು 2011ಕ್ಕೆ ಹಿಂದಿನದೋ ಮುಂದಿನದೋ ಎಂದು ಹೇಳಬಹುದು. ಲಿಪಿಯ ತಲೆಕಟ್ಟನ್ನು ನೋಡಿ ಶಾಸನದ ಶತಮಾನವನ್ನು ಗುರುತಿಸುವ ನಮ್ಮ ವಿದ್ಯಾರ್ಥಿಗಳಿಗೆ ಇದೇನು ದೊಡ್ಡದಲ್ಲ.

ಆದರೆ ಚಿತ್ರವು ತೋರಿಸುವುದೆಲ್ಲ ಸಿದ್ಧಪಡಿಸಿದ ದೃಶ್ಯವೆಂಬುದನ್ನು ಮರೆಯಬಾರದು. ಕಸರತ್ತಿನ ಹಾರಾಟಕ್ಕೆ ಯುದ್ಧವಿಮಾನವು ಸಾಮಾನ್ಯವಾಗಿ ಹಗುರವಾಗಿ ಬರುತ್ತದೆ. ಯುದ್ಧದಲ್ಲಿ ಹೊರಬೇಕಾದ ಬಾಂಬು, ಇಂಧನದ ತೊಟ್ಟಿಗಳ ಭಾರವನ್ನು ಹೊತ್ತಿರುವುದಿಲ್ಲ. ಈ ಪ್ರದರ್ಶನವು ಒಂದು ಸಂತೆಯೂ ಹೌದು. 2025ರಲ್ಲಿ ಅಮೆರಿಕದ ಎಫ್-35 ಮತ್ತು ರಷ್ಯದ ಸುಖೋಯ್-57 ಒಂದೇ ಪ್ರದರ್ಶನಕ್ಕೆ ಬಂದುವು. ಅವುಗಳ ಚಿತ್ರಗಳನ್ನು ಎಲ್ಲರೂ ತೆಗೆದರು. ಎರಡೂ ಅಂದು ಭಾರತದ ವಾಯುಪಡೆಗೆ ಸೇರಿದವಲ್ಲ. ಶೀರ್ಷಿಕೆಯಿಲ್ಲದ ಈ ಚಿತ್ರಗಳು ನೂರು ವರ್ಷಗಳ ಮೇಲೆ ಒಬ್ಬ ಸಂಶೋಧಕನ ಕೈಗೆ ಸಿಕ್ಕಿದರೆ, ಅವನು ಏನೆಂದು ಬರೆದಾನು?

ಸಿದ್ಧಪಡಿಸಿದ ದೃಶ್ಯವು ಒಮ್ಮೊಮ್ಮೆ ಹರಿದುಬೀಳುವುದೂ ಉಂಟು. 2019ರ ಫೆಬ್ರುವರಿ 19ರಂದು, ಪ್ರದರ್ಶನಕ್ಕೆ ಹಿಂದಿನ ದಿನ, ಅಭ್ಯಾಸ ನಡೆಸುತ್ತಿದ್ದ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದುವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಅವರು ಮಡಿದರು. ನಾಲ್ಕು ದಿನಗಳ ಮೇಲೆ ವಾಹನ ನಿಲುಗಡೆಯ ಬಯಲಿಗೆ ಬೆಂಕಿ ಹತ್ತಿ ಸುಮಾರು 300 ಕಾರುಗಳು ಸುಟ್ಟುಹೋದುವು. ಅಂದವಾದ ಹಾರಾಟವನ್ನು ಹಿಡಿಯಲೆಂದು ಎತ್ತಿದ ಕ್ಯಾಮೆರಾಗಳೇ ಹೊಗೆಯನ್ನೂ ಹಿಡಿದುವು. ವೀರಗಲ್ಲಿಗೂ ಇದಕ್ಕೂ ಇರುವ ಭೇದವು ಇಲ್ಲಿಯೇ ಸ್ಪಷ್ಟವಾಗುತ್ತದೆ. ಕಲ್ಲು ಸಾವಿನ ತರುವಾಯ ಗೌರವಕ್ಕಾಗಿ ಕೆತ್ತಿದ್ದು. ಈ ಚಿತ್ರವು ಸಾವಿನ ಕ್ಷಣದಲ್ಲೇ, ಉದ್ದೇಶವಿಲ್ಲದೆ ಮೂಡಿದ್ದು. ಅಪಘಾತದ ಕಾರಣವನ್ನು ವಿಚಾರಿಸುವವರಿಗೆ ಅದು ಸಾಕ್ಷಿ. ಸತ್ತವರ ಮನೆಯವರಿಗೆ ಅದು ಬೇರೆಯೇ ಒಂದು ವಸ್ತು. ಅದನ್ನು ಪ್ರಕಟಿಸುವ ಮುನ್ನ ಈ ಎರಡನ್ನೂ ತೂಗಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಕೊನೆಯದಾಗಿ ಸಂಗ್ರಹದ ಮಾತು. ಡಿಜಿಟಲ್ ಕ್ಯಾಮೆರಾವು ಚಿತ್ರದೊಳಗೇ ದಿನಾಂಕ, ವೇಳೆ, ಷಟರಿನ ವೇಗಗಳನ್ನು ಬರೆದಿಡುತ್ತದೆ. ಆದರೆ ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದೊಡನೆ ಈ ವಿವರಗಳು ಅಳಿದುಹೋಗುತ್ತವೆ, ಚಿತ್ರವೂ ಕುಗ್ಗುತ್ತದೆ. ಆದುದರಿಂದ ಮೂಲ ಕಡತವನ್ನೇ ಕೇಳಿ ಪಡೆಯಬೇಕು; ವಿಮಾನದ ಮೈಮೇಲಣ ಸಂಖ್ಯೆಯನ್ನು ಚಿತ್ರದೊಡನೆ ಬರೆದಿಡಬೇಕು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ಹಗುರ ಯುದ್ಧವಿಮಾನಕ್ಕೆ ‘ತೇಜಸ್’ ಎಂಬ ಹೆಸರು ಬಂದುದು 2003ರಲ್ಲಿ. ಅಂದು ಹಾರಿದ ವಿಮಾನವನ್ನು ಚಿತ್ರಗಳಲ್ಲಿ ಗುರುತಿಸಲು ಇರುವ ಖಚಿತ ಆಧಾರ, ಅದರ ಮೇಲೆ ಬರೆದಿರುವ ಕೆಎಚ್ 2001 ಎಂಬ ಸಂಖ್ಯೆ.